ಬೀಗದಕೈ ಬ್ರೋಕರ್ ಹತ್ತಿರ, ದುಡ್ಡು ಓನರ್ ಹತ್ತಿರ

ತುಮಕೂರಲ್ಲಿ ಪ್ರೆಶರ್ ವಾಷರ್ ತಗೊಂಡು ಮನೆ ಹೊರಗೋಡೆ ತೊಳೆಯೋ ಕೆಲಸಕ್ಕೆ ಇಳಿಯೋ ಹುಡುಗರು ಮೊದಲು ಪಾಂಪ್ಲೆಟ್ ಹಂಚ್ತಾರೆ. ಅದು ಕಡಲೆಕಾಯಿ ಕಟ್ಟೋಕೆ ಹೋಗುತ್ತೆ. ಆಮೇಲೆ ರಿಯಲ್ ಎಸ್ಟೇಟ್ ಆಫೀಸಿಗೆ ಹೋಗಿ "ಕೆಲಸ ಕೊಡ್ಸಿ ಅಣ್ಣ, ನಿಮ್ಗೂ ಕಮಿಷನ್ ಕೊಡ್ತೀವಿ" ಅಂತಾರೆ. ಬಾಗಿಲು ಸರಿಯಾದದ್ದೇ, ಆಡಿದ ಮಾತು ತಪ್ಪು.

ಬಾಡಿಗೆ ಮನೆ ಕುದುರಿಸಿದರೆ ಬ್ರೋಕರ್‌ಗೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಸಿಗುತ್ತೆ. ಮನೆ ಮಾರಾಟವಾದರೆ ಬೆಲೆಯಲ್ಲಿ ಶೇಕಡಾ ಒಂದೋ ಎರಡೋ. ನೀವು ಕೊಡೋ ಮುನ್ನೂರು ರೂಪಾಯಿ ಅವರಿಗೆ ಟೀ ಖರ್ಚು. ಅವರ ತಲೆನೋವೇ ಬೇರೆ: ಭಾನುವಾರ ಪಾರ್ಟಿ ಮನೆ ನೋಡೋಕೆ ಬರುತ್ತೆ, ಪ್ಯಾರಪೆಟ್‌ನಿಂದ ಕಪ್ಪು ಗೆರೆ ಇಳಿದಿದೆ, ಓನರ್ ಬೆಂಗಳೂರಲ್ಲಿದ್ದಾರೆ, ಪೇಂಟಿಂಗ್‌ಗೆ ದುಡ್ಡು ಬಿಚ್ಚಲ್ಲ. ಶುಕ್ರವಾರ ಬೀಗದಕೈ ಇಸ್ಕೊಂಡು ಶನಿವಾರ ಸಂಜೆಯೊಳಗೆ ತೊಳೆದ ಫೋಟೋ ಕಳಿಸೋ ಮನುಷ್ಯ ಅವರಿಗೆ ಬೇಕು. ಆ ದಿನ ತಪ್ಪಿಸದೇ ಇದ್ದರೆ ಅದೇ ನಿಮ್ಮ ಕಮಿಷನ್. ದುಡ್ಡಿನ ಕಮಿಷನ್ ಸೇರಿಸಿದರೆ ರೇಟ್ ಏರುತ್ತೆ, ಓನರ್ "ಇಷ್ಟು ಕೊಡೋದಾದ್ರೆ ಒಂದು ಕೋಟ್ ಬಣ್ಣಾನೇ ಹೊಡೆಸ್ತೀನಿ" ಅಂತಾರೆ. ಅಲ್ಲಿಗೆ ಮುಗೀತು.

ಲೇಔಟ್ ಸೈಟ್ ಮಾರೋರ ಹಿಂದೆ ಸುತ್ತಬೇಡಿ, ಖಾಲಿ ಸೈಟಲ್ಲಿ ತೊಳೆಯೋಕೆ ಏನಿರುತ್ತೆ? ಬಾಡಿಗೆ-ಭೋಗ್ಯ ನೋಡೋರನ್ನ, ಹಳೇ ಮನೆ ಮಾರಿಸೋರನ್ನ ಹಿಡೀರಿ. ಎಸ್‌ಐಟಿ (ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜು) ಸುತ್ತಮುತ್ತ, ಅಶೋಕನಗರ, ಜಯನಗರ, ಬಟವಾಡಿ ಕಡೆ ಇಂಥವರು ಜೆರಾಕ್ಸ್ ಅಂಗಡಿಯಲ್ಲೋ ಟೀ ಅಂಗಡಿಯಲ್ಲೋ ಕೂತೇ ವ್ಯವಹಾರ ಮಾಡ್ತಾರೆ. ಹೋಗೋದಕ್ಕೆ ಒಳ್ಳೇ ಕಾಲ ಆಷಾಢ. ಗೃಹಪ್ರವೇಶ ಇಲ್ಲ, ಮನೆ ಬದಲಾಯಿಸೋರು ಕಡಿಮೆ, ಅವರಿಗೆ ಬಿಡುವು, ಕೂರಿಸಿ ಮಾತಾಡಿಸ್ತಾರೆ. ವಿಸಿಟಿಂಗ್ ಕಾರ್ಡ್ ಕೊಡೋ ಬದಲು ಅವರ ಆಫೀಸಿನ ಶಟರ್, ಬೋರ್ಡು, ಮುಂದಿನ ಮೆಟ್ಟಿಲು ಪುಕ್ಕಟೆ ತೊಳೆದುಕೊಡಿ. ಒಂದು ಗಂಟೆ ಕೆಲಸ. ಶ್ರಾವಣ ಬಂದಾಗ ನೆನಪಿಟ್ಕೊಂಡಿರ್ತಾರೆ. ಆದರೆ ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಹಾಗಾಗಿ ಪಾಚಿ ಕೆಲಸದ ಸುಗ್ಗಿ ನವೆಂಬರ್‌ನಿಂದ.

ಕೆಲಸ ಒಪ್ಪೋ ಮುಂಚೆ ಓನರ್, ಬ್ರೋಕರ್, ನೀವು ಮೂವರೂ ಇರೋ ವಾಟ್ಸಾಪ್ ಗ್ರೂಪ್ ಮಾಡಿ. ಎಷ್ಟು ದುಡ್ಡು, ಯಾವ ಯಾವ ಗೋಡೆ, ಯಾವತ್ತು ಅಂತ ಬರೆದು ಓನರ್ "ಸರಿ" ಅಂತ ಹಾಕಲಿ. ಅಡ್ವಾನ್ಸೂ ಬಾಕಿಯೂ ಓನರ್ ಖಾತೆಯಿಂದಲೇ ಬರಲಿ. "ನಾನು ಇಸ್ಕೊಡ್ತೀನಿ ಬಿಡಿ" ಅನ್ನೋ ಬ್ರೋಕರ್ ಒಳ್ಳೆಯವರೇ ಇರಬಹುದು, ಆದರೆ ಡೀಲ್ ಮುರಿದುಬಿದ್ದರೆ ನಿಮ್ಮ ದುಡ್ಡೂ ಅದರ ಜೊತೆ ಹೋಗುತ್ತೆ.

ಈ ದಾರಿಯಲ್ಲಿ ಬರೋ ಮನೆಗಳು ಬಹುತೇಕ ಖಾಲಿ ಮನೆಗಳು, ತೊಂದರೆಗಳು ಹುಟ್ಟೋದೂ ಅಲ್ಲಿಂದಲೇ. ಬಿಲ್ ಕಟ್ಟದೆ ಬೆಸ್ಕಾಂನವರು ಕರೆಂಟ್ ಕಿತ್ತಿರ್ತಾರೆ, ಸಂಪ್ ಒಣಗಿರುತ್ತೆ, ಮೋಟಾರ್ ಜಾಮ್ ಆಗಿರುತ್ತೆ. ಹಿಂದಿನ ದಿನವೇ ಹೋಗಿ ಸ್ವಿಚ್ ಹಾಕಿ, ನಲ್ಲಿ ತಿರುಗಿಸಿ ನೋಡಿ. ನಿಮಿಷಕ್ಕೆ 7 ಲೀಟರ್ ಎಳೆಯೋ ಮೆಷಿನ್‌ಗೆ 500 ಲೀಟರ್ ಟ್ಯಾಂಕ್ 70 ನಿಮಿಷ ಬರುತ್ತೆ. 30×40 ಸೈಟಿನ ಒಂದು ಮಹಡಿ ಮನೆಯ ಎದುರುಗೋಡೆಗೆ, ಅಂದ್ರೆ 30 ಅಡಿ ಅಗಲ 22 ಅಡಿ ಎತ್ತರ, ಸುಮಾರು 660 ಚದರಡಿಗೆ, ಸೋಪು-ಜಾಲಿಸೋದು ಸೇರಿ ಅಂಥದ್ದು ಒಂದೂವರೆ ಟ್ಯಾಂಕ್ ಇಟ್ಕೊಳ್ಳಿ. ಟ್ಯಾಂಕಿನಿಂದ ತಾನೇ ನೀರು ಎಳ್ಕೊಳ್ಳೋ ಮಾಡೆಲ್ ಬೇಕು. ನಲ್ಲಿಯ ಪ್ರೆಶರ್‌ಗೆ ಮಾತ್ರ ಮಾಡಿದ ಮೆಷಿನ್‌ಗೆ ಡ್ರಮ್ ಕೊಟ್ಟರೆ ಪಂಪು ಒಣಗಿ ಓಡಿ ಸೀಲ್ ಸುಡುತ್ತೆ. ಎಕ್ಸ್‌ಟೆನ್ಷನ್ ವೈರ್ 2.5 ಚದರ ಮಿಮೀ ಇರಲಿ, ತೆಳು ವೈರಲ್ಲಿ ವೋಲ್ಟೇಜ್ ಬಿದ್ದು ಮೋಟಾರ್ ಬಿಸಿಯಾಗುತ್ತೆ.

ಇನ್ನು ಗೋಡೆ. ಮೊದಲು ಅಂಗೈಯಲ್ಲಿ ಒರೆಸಿ ನೋಡಿ. ಬಿಳಿ ಪುಡಿ ಹತ್ತಿದರೆ ಬಣ್ಣದ ಆಯುಸ್ಸು ಮುಗಿದಿದೆ, ನೀರು ಬಿಟ್ಟರೆ ತೇಪೆ ತೇಪೆಯಾಗಿ ಏಳುತ್ತೆ. ಸಿಮೆಂಟ್ ಪೇಂಟ್ ಹೊಡೆದ ಹಳೇ ಮನೆಗಳಲ್ಲಿ ಇದು ಜಾಸ್ತಿ. "ಇದಕ್ಕೆ ತೊಳೆಯೋದಲ್ಲ, ಬಣ್ಣವೇ ಬೇಕು" ಅಂತ ಹೇಳಿ ಎದ್ದುಬನ್ನಿ. ಗೋಡೆ ಉಪ್ಪು ಬಿಟ್ಟಿದ್ದರೂ ಅಷ್ಟೇ, ಒಳಗಿನ ತೇವ ನಿಲ್ಲೋವರೆಗೂ ಎಷ್ಟು ತೊಳೆದರೂ ವಾಪಸ್ ಬರುತ್ತೆ.

ಎಮಲ್ಷನ್ ಬಣ್ಣ ಗಟ್ಟಿಯಾಗಿದ್ದರೆ ಕೆಲಸ ಮಾಡೋದು ಪ್ರೆಶರ್ ಅಲ್ಲ, ಔಷಧಿ. ಸೋಡಿಯಂ ಹೈಪೋಕ್ಲೋರೈಟ್ (ಲಿಕ್ವಿಡ್ ಬ್ಲೀಚ್, ಚಿಕ್ಕದಾಗಿ ಹೈಪೋ) 10 ಪರ್ಸೆಂಟ್‌ದು 1 ಲೀಟರ್, ನೀರು 9 ಲೀಟರ್, ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಚಮಚ. 10 ಲೀಟರ್ ಸುಮಾರು 250–300 ಚದರಡಿಗೆ ಆಗುತ್ತೆ. ಔಷಧಿ ಹೊಡೆಯೋ ಕೈಪಂಪಲ್ಲಿ ಕೆಳಗಿಂದ ಮೇಲಕ್ಕೆ ಹಾಕಿ. ಮೇಲಿಂದ ಹಾಕಿದರೆ ಒಣಗೋಡೆ ಮೇಲೆ ಇಳಿದ ಹನಿ ಗೆರೆಯಾಗಿ ಉಳಿಯುತ್ತೆ. 10–15 ನಿಮಿಷ ಬಿಡಿ, ಒಣಗೋಕೆ ಮಾತ್ರ ಬಿಡಬೇಡಿ. ಆಮೇಲೆ 40 ಡಿಗ್ರಿ ಬಿಳಿ ನಾಝಲ್‌ನಲ್ಲಿ, ಗೋಡೆಯಿಂದ ಎರಡು-ಮೂರು ಅಡಿ ದೂರ ನಿಂತು, ಮೇಲಿಂದ ಕೆಳಕ್ಕೆ ಜಾಲಿಸಿ. ಒಂದೇ ಗೆರೆಯಲ್ಲಿ ನೀರು ಹೊಡೆಯೋ ಕೆಂಪು ನಾಝಲ್ ಮನೇಲೇ ಬಿಟ್ಟುಬನ್ನಿ, ಗಾರೆ ಮೇಲೆ ಗೀರು ಬೀಳುತ್ತೆ. ಗೋಡೆ ನೆರಳಲ್ಲಿರುವಾಗ ಕೆಲಸ ಮಾಡಿ: ಪೂರ್ವದ ಗೋಡೆ ಮಧ್ಯಾಹ್ನದ ಮೇಲೆ, ಪಶ್ಚಿಮದ್ದು ಬೆಳಿಗ್ಗೆ. ಹೈಪೋ ಬಿಸಿಲಲ್ಲಿ ಕ್ಯಾನಲ್ಲೇ ಸತ್ತುಹೋಗುತ್ತೆ, ಎರಡು ತಿಂಗಳ ಹಳೇ ಕ್ಯಾನ್ ನಂಬಬೇಡಿ. ಅಗ್ಗ ಅಂತ ಬ್ಲೀಚಿಂಗ್ ಪೌಡರ್ ಕಲಸಿದರೆ ಸುಣ್ಣದ ಗಸಿ ಪಂಪಿಗೂ ಗೋಡೆಗೂ ಅಂಟುತ್ತೆ. ಟೈಲ್ಸ್ ಆಸಿಡ್ಡನ್ನ ಯಾವತ್ತೂ ಇದರ ಜೊತೆ ಸೇರಿಸಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ. ಎರಡು ಮನೆ ನಡುವಿನ ಸಂದಿಯಲ್ಲಂತೂ ಜೀವಕ್ಕೇ ಅಪಾಯ. ಕೈಗ್ಲೌಸು, ಕನ್ನಡಕ ಇಲ್ಲದೆ ಕ್ಯಾನ್ ಮುಚ್ಚಳ ತೆಗೀಬೇಡಿ.

ಬಹಳ ಜನ ಮರೆಯೋದು ಮಳೆನೀರಿನ ಪೈಪು. ಟೆರೇಸಿನ ನೀರು ನೇರ ಸಂಪಿಗೆ ಇಳಿಯೋ ಮನೆಗಳಲ್ಲಿ ಪ್ಯಾರಪೆಟ್ ಒಳಗೆ ತೊಳೆದ ಹೈಪೋ ಪೂರ್ತಿ ಕುಡಿಯೋ ನೀರಿಗೆ ಹೋಗುತ್ತೆ. ಮೊದಲೇ ಪೈಪು ಆಚೆ ತಿರುಗಿಸಿ, ಸಂಪಿನ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಹಾಸಿ. ತುಳಸಿ, ದಾಸವಾಳಕ್ಕೆ ಮುಂಚೆಯೂ ಆಮೇಲೂ ಬರೀ ನೀರು ಹೊಡೀರಿ. ತೇಗದ ಬಾಗಿಲಿಗೆ ಹೊದಿಕೆ ಹಾಕಿ, ಮೀಟರ್ ಬೋರ್ಡಿಗೆ, ಕ್ಯಾಮೆರಾಗೆ ಕವರ್ ಕಟ್ಟಿ. ಪಕ್ಕದ ಮನೆಯವರಿಗೆ ಹಿಂದಿನ ದಿನವೇ ಹೇಳಿ, ಕಾರು ತೆಗೀಲಿ, ಬಟ್ಟೆ ಒಣಹಾಕದೇ ಇರಲಿ. ಸಜ್ಜಾ ಕೆಳಗೆ ನಾಝಲ್ ಮೇಲ್ಮುಖ ಮಾಡಿದರೆ ಕಿಟಕಿ ಸಂದಿಯಿಂದ ನೀರು ಒಳಗೆ ನುಗ್ಗುತ್ತೆ. ಜನ ಇರೋ ಮನೆಯಾದರೆ ಯಾರಾದರೂ ಒರೆಸ್ತಾರೆ. ಖಾಲಿ ಮನೆಯಲ್ಲಿ ಆ ನೀರು ಪಾರ್ಟಿ ಬರೋವರೆಗೂ ನಿಂತು ಗೋಡೆ ಬುಡ ಉಬ್ಬುತ್ತೆ, ಬ್ರೋಕರ್ ಮತ್ತೆ ಫೋನ್ ಎತ್ತಲ್ಲ. ಬೋರ್‌ವೆಲ್ ನೀರು ಗಡಸು, ಗಾಜು ಮತ್ತು ಕಪ್ಪು ಗ್ರಾನೈಟ್ ಒಣಗೋ ಮುಂಚೆ ವೈಪರ್ ಎಳೀರಿ, ಇಲ್ಲಾಂದ್ರೆ ಬಿಳಿ ಚುಕ್ಕೆ.

ತೊಳೆದ ಮೇಲೆ ಬಿರುಕು ಎದ್ದು ಕಾಣುತ್ತೆ. ಮುಂಚೆಯೇ ಇದ್ದ ಬಿರುಕು, ಎದ್ದ ಬಣ್ಣ, ಒಡೆದ ಟೈಲ್ಸ್‌ನ ಫೋಟೋ ಶುರು ಮಾಡೋ ಮುನ್ನ ಗ್ರೂಪಿಗೆ ಹಾಕಿರಬೇಕು, ಇಲ್ಲದಿದ್ದರೆ ಅದು ನಿಮ್ಮ ತಲೆಗೆ. "ಸ್ವಲ್ಪ ವೈಟ್ ಸಿಮೆಂಟ್ ಮೆತ್ತಿ ಮುಚ್ಚಿಬಿಡು, ಪಾರ್ಟಿಗೆ ಕಾಣಬಾರದು" ಅಂದರೆ ಒಪ್ಪಬೇಡಿ. ಕೊಂಡವರು ಮೊದಲ ಮಳೆಗೆ ಹುಡುಕಿಕೊಂಡು ಬರೋದು ನಿಮ್ಮನ್ನೇ. ಕಪ್ಪು ಗೆರೆ ಯಾಕೆ ಬಂತು ಅನ್ನೋದನ್ನೂ ಓನರ್‌ಗೆ ಹೇಳಿ: ಪ್ಯಾರಪೆಟ್ ಮೇಲಿನ ಧೂಳು ಮಳೆನೀರಲ್ಲಿ ಗೋಡೆ ಮೇಲೇ ಇಳಿಯುತ್ತೆ, ಸಜ್ಜಾ ಅಂಚಿನ ಕೆಳಗೆ ನೀರು ತೊಟ್ಟಿಕ್ಕಿ ಬೀಳೋ ಗ್ರೂವ್ ಬಿಟ್ಟಿಲ್ಲ, ಅಥವಾ ಸಿಂಟೆಕ್ಸ್ ತುಂಬಿ ಹರಿಯೋ ಪೈಪು ಗೋಡೆಗೆ ತಾಗಿದೆ. ಅದು ಸರಿಹೋಗದಿದ್ದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಗೆರೆ.

ಹೊರಡೋವಾಗ ಮೋಟಾರ್ ಸ್ವಿಚ್, ಮೈನ್, ನಲ್ಲಿಗಳು, ಸಂಪಿನ ಮುಚ್ಚಳ, ಟೆರೇಸ್ ಬಾಗಿಲು, ಎಲ್ಲಾ ಒಂದು ಸುತ್ತು ನೋಡಿ, ತಿರುಗಿಸಿದ ಮಳೆನೀರಿನ ಪೈಪು ವಾಪಸ್ ಕೂರಿಸಿ. ಬೀಗದಕೈ ಅವತ್ತೇ ಸಂಜೆ ಬ್ರೋಕರ್ ಕೈಗೆ ಕೊಡಿ. ಅದನ್ನ ಜೇಬಲ್ಲಿಟ್ಕೊಂಡು ಊರಿಗೆ ಹೋದವರಿಗೆ ಎರಡನೇ ಮನೆ ಸಿಗಲ್ಲ.