ಸಾಲುಗಟ್ಟಿ ನಿಂತವರನ್ನು ದಡ್ಡರು ಅನ್ನುವ ಮುಂಚೆ ಅವರ ಕೈಯಲ್ಲಿದ್ದ ಕೋವಿ ನೋಡಿ

ನಿನ್ನೆಯಿಂದ ಒಂದು ರೀಲ್ ಎಲ್ಲರ ಗೋಡೆಯ ಮೇಲೂ ಓಡಾಡುತ್ತಿದೆ. ಅಮೆರಿಕದ ಅಂತರ್ಯುದ್ಧದ ಕಾಳಗವನ್ನು ಯಾರೋ ಮೈದಾನದಲ್ಲಿ ಮತ್ತೆ ಆಡಿ ತೋರಿಸುತ್ತಿರುವ ವಿಡಿಯೊ. ಒಂದು ಕಡೆ ನೀಲಿ ಅಂಗಿಯ ಉತ್ತರದ ರಾಜ್ಯಗಳವರು, ಇನ್ನೊಂದು ಕಡೆ ಬೂದು ಅಂಗಿಯ ದಕ್ಷಿಣದ ರಾಜ್ಯಗಳವರು. ಎರಡೂ ಕಡೆಯವರು ಬಟ್ಟಬಯಲಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು ಗುಂಡು ಹಾರಿಸುತ್ತಾರೆ. ಅದರ ಮೇಲೆ ಕನ್ನಡದಲ್ಲಿ ದಪ್ಪಕ್ಷರ: 'ಮರದ ಹಿಂದೆ ಅವಿತುಕೊಳ್ಳೋ ಬುದ್ಧಿನೂ ಇರಲಿಲ್ಲ ಇವರಿಗೆ'. ಕೆಳಗೆ ಸಾಲು ಸಾಲು ನಗುವ ಮುಖಗಳು. ಹಂಚಿದವರಲ್ಲಿ ನನ್ನ ಗೆಳೆಯರೂ ಇದ್ದಾರೆ. ಈ ಯುದ್ಧದ ಮಾತು ಬಂದರೆ ನಾನು ಬಾಯಿ ಮುಚ್ಚಿಕೊಂಡಿರುವವನಲ್ಲ ಅಂತ ನಿಮಗೆಲ್ಲ ಗೊತ್ತು. ನನಗೆ ನಿಜವಾಗಿಯೂ ಸಿಟ್ಟು ಬಂದಿದೆ. 1861ರಿಂದ 1865ರವರೆಗಿನ ಆ ನಾಲ್ಕು ವರ್ಷಗಳಲ್ಲಿ ಸತ್ತವರು ಕಡಿಮೆಯೆಂದರೂ ಆರು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹಳಷ್ಟು ಜನ ಇಪ್ಪತ್ತರ ಆಸುಪಾಸಿನ ಹುಡುಗರು. ಅವರನ್ನು ನೋಡಿ ನಗುವ ಮುಂಚೆ ಅವರ ಕೈಯಲ್ಲಿ ಏನಿತ್ತು ಅಂತ ಕೇಳಬೇಡವೇ?

ಮಲೆನಾಡಿನವರಿಗೆ, ಕೊಡಗಿನವರಿಗೆ ಕೇಪಿನ ಕೋವಿ ಏನೆಂದು ಹೇಳಬೇಕಿಲ್ಲ. ಉಳಿದವರಿಗೆ: ಕೇಪು ಅಂದರೆ ಬಡಿದಾಗ ಕಿಡಿ ಹಾರಿಸಿ ಮದ್ದು ಹೊತ್ತಿಸುವ ಪುಟ್ಟ ಲೋಹದ ಟೋಪಿ. ಅಲ್ಲಿನ ಕಾಲಾಳಿನ ಕೈಯಲ್ಲಿದ್ದದ್ದೂ ಅದೇ ಜಾತಿಯ, ಬಾಯಿಂದ ಮದ್ದು ತುಂಬುವ ಕೋವಿ. ಉತ್ತರದವರಲ್ಲಿ ಹೆಚ್ಚಾಗಿ 1861ರ ಸ್ಪ್ರಿಂಗ್‌ಫೀಲ್ಡ್ ಇತ್ತು, ದಕ್ಷಿಣದವರಲ್ಲಿ ಇಂಗ್ಲೆಂಡಿನಿಂದ ತರಿಸಿದ ಎನ್‌ಫೀಲ್ಡ್ ಬಹಳ ಇತ್ತು. ಸ್ಪ್ರಿಂಗ್‌ಫೀಲ್ಡ್‌ನ ನಳಿಗೆ 40 ಇಂಚು ಉದ್ದ, ತೂಕ ನಾಲ್ಕು ಕಿಲೋ. ನಮ್ಮ ಕೇಪಿನ ಕೋವಿಗೂ ಇವಕ್ಕೂ ಒಂದೇ ವ್ಯತ್ಯಾಸವೆಂದರೆ ಇವುಗಳ ನಳಿಗೆಯ ಒಳಗೆ ಸುರುಳಿ ಗೀರುಗಳಿದ್ದವು. ಮಿನಿಯೆ ಗುಂಡು ಅನ್ನುವ ಸೀಸದ ತುಂಡಿನ ತುದಿ ಮೊನಚು, ಬುಡ ಟೊಳ್ಳು. ನಳಿಗೆಗಿಂತ ಸ್ವಲ್ಪ ಸಣ್ಣದಾದ್ದರಿಂದ ಸಲೀಸಾಗಿ ಒಳಗೆ ಇಳಿಯುತ್ತದೆ. ಮದ್ದು ಹೊತ್ತಿದಾಗ ಬುಡ ಅರಳಿ ಗೀರುಗಳನ್ನು ಕಚ್ಚಿಕೊಂಡು ತಿರುಗುತ್ತಾ ಹೊರಬೀಳುತ್ತದೆ.

ಇದನ್ನು ತುಂಬುವುದನ್ನು ಕವಾಯತಿನಲ್ಲಿ ಒಂಬತ್ತು ಹೆಜ್ಜೆಗಳಾಗಿ ಕಲಿಸುತ್ತಿದ್ದರು. ಕೋವಿಯ ಹಿಡಿಯನ್ನು ನೆಲಕ್ಕೂರಿ ಬಾಯಿಯನ್ನು ಎದೆಯ ಮುಂದೆ ತರಬೇಕು. ಸೊಂಟದ ತೊಗಲಿನ ಪೆಟ್ಟಿಗೆಯಿಂದ ಕಾಗದದ ತೋಟಾ ತೆಗೆಯಬೇಕು. ಅದರ ಬಾಲವನ್ನು ಹಲ್ಲಲ್ಲಿ ಕಚ್ಚಿ ಹರಿಯಬೇಕು. ಒಳಗಿನ ಸುಮಾರು ನಾಲ್ಕು ಗ್ರಾಂ ಮದ್ದನ್ನು ನಳಿಗೆಗೆ ಸುರಿದು, ಗುಂಡನ್ನು ನಳಿಗೆಯ ಬಾಯಿಗಿಟ್ಟು ಹೆಬ್ಬೆರಳಿನಿಂದ ಒತ್ತಬೇಕು. ನಳಿಗೆಯ ಕೆಳಗಿನ ಉಕ್ಕಿನ ಸರಳನ್ನು ಎಳೆದು, ಗುಂಡನ್ನು ತಳದವರೆಗೂ ಜಡಿದು, ಸರಳನ್ನು ವಾಪಸ್ ಸೇರಿಸಬೇಕು. ಕೋವಿ ಎತ್ತಿ, ಕುದುರೆಯನ್ನು, ಅಂದರೆ ಕೇಪನ್ನು ಬಡಿಯುವ ಸುತ್ತಿಗೆಯನ್ನು, ಅರ್ಧ ಎಳೆದು, ಹಳೇ ಕೇಪನ್ನು ಕೊಡವಿ ಹೊಸದನ್ನು ಮೊಲೆಯ (ಕಿಡಿಯನ್ನು ಮದ್ದಿಗೆ ದಾಟಿಸುವ ತೂತಿನ ಮೊನೆ) ಮೇಲೆ ಕೂರಿಸಬೇಕು. ಇಷ್ಟಾದ ಮೇಲೆ ಗುರಿ, ಆಮೇಲೆ ಈಡು. ಚೆನ್ನಾಗಿ ಪಳಗಿದವನು ಕವಾಯತಿನಲ್ಲಿ ನಿಮಿಷಕ್ಕೆ ಮೂರು ಈಡು ಹೊಡೆಯುತ್ತಿದ್ದ. ಅಂದರೆ ಒಂದಕ್ಕೆ ಇಪ್ಪತ್ತು ಸೆಕೆಂಡು. ಕಾಳಗದಲ್ಲಿ ಅಷ್ಟೂ ಆಗುತ್ತಿರಲಿಲ್ಲ.

ಈಗ ಹೇಳಿ, ಮದ್ದು ಕೆಳಕ್ಕೆ ಸುರಿಯಬೇಕಾದ, ಮೂರಡಿಗೂ ಉದ್ದದ ಸರಳನ್ನು ಮೇಲಿಂದ ಜಡಿಯಬೇಕಾದ ಕೋವಿಯನ್ನು ಮಲಗಿಕೊಂಡು ತುಂಬುವುದು ಹೇಗೆ? ಅದಕ್ಕೂ ಕವಾಯತು ಇತ್ತು. ಅಂಗಾತ ಹೊರಳಿ, ಕೋವಿಯನ್ನು ಕಾಲುಗಳ ಮಧ್ಯೆ ಇಟ್ಟುಕೊಂಡು ತುಂಬಿ, ಮತ್ತೆ ಬೋರಲಾಗಬೇಕು. ಆಗುತ್ತದೆ, ಆದರೆ ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಎದುರಿನವನು ಮೈಮೇಲೆ ಬಂದಿರುತ್ತಾನೆ.

'ಮರದ ಹಿಂದೆ ಅವಿತುಕೊಳ್ಳಬೇಕಿತ್ತು' ಅನ್ನುವವರಿಗಾಗಿ ಒಂದು ಲೆಕ್ಕ ಕೊಡುತ್ತೇನೆ. ಮರದ ಹಿಂದೆ ಅವಿತು ಹೊಡೆಯುವವರೂ ಆ ಸೇನೆಗಳಲ್ಲಿದ್ದರು. ಮುಖ್ಯ ಸಾಲಿನ ಮುಂದೆ ಚದುರಿ ನಿಲ್ಲುವ ತುಕಡಿಗಳು ಅವು. ಇಬ್ಬರ ನಡುವೆ ಐದು ಹೆಜ್ಜೆ ಅಂತರ, ಮರ, ಕಲ್ಲು, ಬೇಲಿ ಯಾವುದಾದರೂ ಮರೆ. 50 ಗಜ ಅಗಲದ ಜಾಗದಲ್ಲಿ ಹೀಗೆ ಹದಿಮೂರು ಜನ ಹಿಡಿಸುತ್ತಾರೆ. ಅದೇ ಜಾಗದಲ್ಲಿ ಎರಡು ಸಾಲಾಗಿ, ಒಬ್ಬೊಬ್ಬನಿಗೆ ಎರಡಡಿಯಂತೆ ನಿಲ್ಲಿಸಿದರೆ 150 ಜನ. ಹಿಂದಿನ ಸಾಲು ಮುಂದಿನದಕ್ಕೆ 13 ಇಂಚಿನಷ್ಟೇ ದೂರದಲ್ಲಿ ನಿಲ್ಲುವುದು ಯಾಕೆಂದರೆ ಹಿಂದಿನವನ ನಳಿಗೆ ಮುಂದಿನವನ ಮುಖ ದಾಟಿ ಆಚೆ ಹೋಗಬೇಕು, ಇಲ್ಲದಿದ್ದರೆ ಕಿಡಿ ಅವನ ಕಿವಿಗೇ ಹೊಡೆಯುತ್ತದೆ.

ಎದುರಾಳಿ 100 ಗಜ ದೂರದಿಂದ ದೌಡಾಯಿಸಿ ಬರುತ್ತಿದ್ದಾನೆ ಅಂದುಕೊಳ್ಳಿ. ಕವಾಯತಿನ ದೌಡು ನಿಮಿಷಕ್ಕೆ 165 ಹೆಜ್ಜೆ, ಹೆಜ್ಜೆಗೆ 33 ಇಂಚು. 100 ಗಜ ದಾಟಲು 40 ಸೆಕೆಂಡು ಸಾಕು. ಅಷ್ಟರಲ್ಲಿ ನಿಮ್ಮ ಒಬ್ಬೊಬ್ಬ ಸೈನಿಕ ಎರಡು, ಹೆಚ್ಚೆಂದರೆ ಮೂರು ಈಡು ಹೊಡೆಯಬಲ್ಲ. ಎರಡೇ ಅಂತ ಹಿಡಿದರೂ ಸಾಲಿನಿಂದ 300 ಗುಂಡು, ಮರದ ಹಿಂದಿನ ಹದಿಮೂರು ಮಂದಿಯಿಂದ 26. ಬಯೋನೆಟ್ (ಕೋವಿಯ ತುದಿಗೆ ಸಿಕ್ಕಿಸುವ ಚೂರಿ) ಹಿಡಿದು ಬರುವ ನೂರಾರು ಜನರನ್ನು 26 ಗುಂಡು ತಡೆಯುತ್ತದೆಯೇ? ಸಾಲು ಕಟ್ಟಿದ್ದು ಈ ಲೆಕ್ಕಕ್ಕೆ. ಒಬ್ಬೊಬ್ಬನ ಕೋವಿ ನಿಧಾನ, ಅದಕ್ಕೇ ಕೋವಿಗಳನ್ನು ಒತ್ತೊತ್ತಾಗಿ ಇಡಬೇಕಿತ್ತು.

ಇನ್ನು ಹೊಗೆ. ಆ ಕರಿಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಲು ಮತ್ತು ಗಂಧಕ. ಆ ಪೆಟ್ಲುಪ್ಪಿನ ದೊಡ್ಡ ಪಾಲು ನಮ್ಮ ದೇಶದ್ದು, ಬಿಹಾರ ಬಂಗಾಳದ ಕಡೆಯದು. 1861ರ ಕೊನೆಯಲ್ಲಿ ಉತ್ತರದ ಸರ್ಕಾರ ಡ್ಯೂಪಾಂಟ್ ಮದ್ದಿನ ಕಂಪನಿಯವರನ್ನು ಲಂಡನ್ನಿಗೆ ಕಳಿಸಿ ಅಲ್ಲಿದ್ದ ಭಾರತದ ಪೆಟ್ಲುಪ್ಪನ್ನು ರಾಶಿಗಟ್ಟಲೆ ಕೊಳ್ಳಿಸಿತು. ಅದೇ ಹೊತ್ತಿಗೆ ಟ್ರೆಂಟ್ ಎಂಬ ಬ್ರಿಟಿಷ್ ಹಡಗನ್ನು ಉತ್ತರದವರು ತಡೆದು ದಕ್ಷಿಣದ ದೂತರನ್ನು ಹಿಡಿದ ಜಗಳದಿಂದ ಇಂಗ್ಲೆಂಡಿಗೂ ಉತ್ತರಕ್ಕೂ ಯುದ್ಧವೇ ಆಗುವಂತಾಗಿ, ಇಂಗ್ಲೆಂಡ್ ಅದರ ಸಾಗಣೆಯನ್ನೇ ತಡೆಹಿಡಿಯಿತು. ಜಗಳ ಬಗೆಹರಿದ ಮೇಲಷ್ಟೇ ಬಿಟ್ಟಿತು. ಆಚೆ ದಕ್ಷಿಣದವರು ಗುಹೆಗಳ ಮಣ್ಣು ಕೆರೆದು ಪೆಟ್ಲುಪ್ಪು ತೆಗೆದರು. (ಅದೇ ವರ್ಷಗಳಲ್ಲಿ ಅಮೆರಿಕದ ಹತ್ತಿ ನಿಂತು ನಮ್ಮ ಧಾರವಾಡದ ಹತ್ತಿಗೆ ಬೆಲೆ ಏರಿದ ಕತೆ ಬೇರೆಯೇ ಇದೆ, ಇನ್ನೊಮ್ಮೆ ಬರೆಯುತ್ತೇನೆ.)

ಕರಿಮದ್ದು ಉರಿದಾಗ ಅರ್ಧದಷ್ಟು ಭಾಗ ಅನಿಲವಾಗುವುದೇ ಇಲ್ಲ. ಒಂದಷ್ಟು ಬಿಳಿ ಹೊಗೆಯಾಗಿ ಮುಖದ ಮುಂದೆ ನಿಲ್ಲುತ್ತದೆ, ಇನ್ನೊಂದಷ್ಟು ನಳಿಗೆಯ ಒಳಗೆ ಕಿಟ್ಟವಾಗಿ ಕೂರುತ್ತದೆ. ಗಾಳಿಯಿಲ್ಲದ ದಿನ ಕೆಲವೇ ಸುತ್ತಿನಲ್ಲಿ ಎದುರಿನವರ ಕಾಲುಗಳಷ್ಟೇ ಕಾಣುತ್ತವೆ, ಆಮೇಲೆ ಅದೂ ಇಲ್ಲ. ರೇಡಿಯೊ ಇಲ್ಲ. ಕರ್ನಲ್ಲನ ಗಂಟಲು, ತಮಟೆ, ಕಹಳೆ, ನಡುವಿನ ಬಾವುಟ, ಇಷ್ಟೇ ಸಂಪರ್ಕ. ಇಂಥ ಕಡೆ ಮುನ್ನೂರು ಜನರನ್ನು ಕಾಡಿನಲ್ಲಿ ಚದುರಿಸಿಬಿಟ್ಟರೆ ಮತ್ತೆ ಕೂಡಿಸುವವರು ಯಾರು? ತನ್ನ ಮೊಣಕೈ ಪಕ್ಕದವನ ಮೊಣಕೈಗೆ ತಾಗುತ್ತಿದ್ದರೆ ತಾನು ಸಾಲಿನಲ್ಲಿದ್ದೇನೆ ಎಂದು ಕಣ್ಣು ಕಾಣದಿದ್ದರೂ ಗೊತ್ತಾಗುತ್ತಿತ್ತು.

ಕಿಟ್ಟದ ತೊಂದರೆ ಇನ್ನೂ ಕೆಟ್ಟದು. ಇಪ್ಪತ್ತು ಮೂವತ್ತು ಈಡಿನ ಹೊತ್ತಿಗೆ ಗುಂಡು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಸರಳಿನ ತುದಿಯನ್ನು ಕಲ್ಲಿಗೋ ಮರಕ್ಕೋ ಗುದ್ದಿ ಇಳಿಸುತ್ತಿದ್ದರು. ಕೇಪು ಒದ್ದೆಯಾದರೆ, ಮೊಲೆಯ ತೂತು ಕಟ್ಟಿಕೊಂಡರೆ ಈಡು ಹಾರುವುದಿಲ್ಲ. ಅದಕ್ಕಾಗಿಯೇ ಕೇಪಿನ ಚೀಲದಲ್ಲಿ ಒಂದು ತಂತಿ ಸೂಜಿ ಇಟ್ಟಿರುತ್ತಿದ್ದರು. ಗದ್ದಲದಲ್ಲಿ ಹಾರಿದ್ದು ತನ್ನದೋ ಪಕ್ಕದವನದೋ ತಿಳಿಯದೆ ಹುಡುಗ ಮತ್ತೊಂದು ತೋಟಾ ಜಡಿಯುತ್ತಾನೆ, ಅದರ ಮೇಲೆ ಇನ್ನೊಂದು. ಗೆಟಿಸ್‌ಬರ್ಗ್ ಕಾಳಗ ಮುಗಿದ ಮೇಲೆ ಬಯಲಿನಿಂದ ಆರಿಸಿ ತಂದ 27 ಸಾವಿರಕ್ಕೂ ಹೆಚ್ಚು ಕೋವಿಗಳಲ್ಲಿ ಸುಮಾರು 24 ಸಾವಿರ ತುಂಬಿದ ಹಾಗೇ ಇದ್ದವು. ಸಾವಿರಾರು ಕೋವಿಗಳಲ್ಲಿ ಒಂದಕ್ಕಿಂತ ಹೆಚ್ಚು ಈಡು. ಒಂದರಲ್ಲಿ 23. ಆ ಒಂದು ಕೋವಿಯ ಹಿಂದೆ ನಿಂತಿದ್ದವನ ಮನಸ್ಥಿತಿ ಊಹಿಸಿಕೊಳ್ಳಿ, ಆಮೇಲೂ ನಗು ಬಂದರೆ ನಗಿ.

ಸ್ವಲ್ಪ ಓದಿಕೊಂಡವರು ಇನ್ನೊಂದು ವಾದ ತರುತ್ತಾರೆ. 'ಕೋವಿಗೆ ಗೀರು ಬಂದು 500 ಗಜ ಮುಟ್ಟುತ್ತಿತ್ತು, ಸೇನಾಪತಿಗಳು ಮಾತ್ರ ನೆಪೋಲಿಯನ್ ಕಾಲದಲ್ಲೇ ಉಳಿದಿದ್ದರು' ಅಂತ. ಕೇಳಲು ಚೆನ್ನಾಗಿದೆ. ಸ್ಪ್ರಿಂಗ್‌ಫೀಲ್ಡ್‌ನ ಗುರಿಪಟ್ಟಿಯಲ್ಲಿ (ದೂರಕ್ಕೆ ತಕ್ಕಂತೆ ಎತ್ತಿ ಗುರಿ ನೋಡುವ ಪಟ್ಟಿ) 100, 300, 500 ಗಜದ ಗುರುತುಗಳಿದ್ದದ್ದೂ ನಿಜ. ಆದರೆ ಆ ಗುಂಡಿನ ವೇಗ ಸೆಕೆಂಡಿಗೆ ಸುಮಾರು 300 ಮೀಟರ್, ಇಂದಿನ ರೈಫಲ್ಲಿನ ಮೂರನೇ ಒಂದು ಭಾಗ. ನಿಧಾನದ ಗುಂಡು ದೂರ ಹೋಗಬೇಕಾದರೆ ಕಮಾನಿನಂತೆ ಮೇಲೇರಿ ಇಳಿಯಬೇಕು. 300 ಗಜಕ್ಕೆ ಗುರಿಪಟ್ಟಿ ಇಟ್ಟು ಸೊಂಟಕ್ಕೆ ಗುರಿ ಹಿಡಿದರೆ ನಡುದಾರಿಯಲ್ಲಿ ಗುಂಡು ಆಳಿನ ತಲೆಗಿಂತ ಮೇಲೆ ಹಾರುತ್ತದೆ. ಬರುತ್ತಿರುವವನು 300 ಗಜದಲ್ಲಿದ್ದಾನೋ 220ರಲ್ಲಿದ್ದಾನೋ ಎಂದು ಕಣ್ಣಳತೆಯಲ್ಲಿ ತಪ್ಪಿದರೆ ಆ ಈಡು ದಂಡ. ದೂರ ಅಳೆಯುವುದನ್ನು, ಗುರಿ ಹೊಡೆಯುವುದನ್ನು ಬಹುತೇಕ ರೆಜಿಮೆಂಟುಗಳು ಕಲಿಸಲೇ ಇಲ್ಲ. ತುಂಬುವ ಕವಾಯತು ದಿನವೂ ಇತ್ತು, ನಿಜ ಗುಂಡು ಹೊಡೆಯುವ ಅಭ್ಯಾಸ ತೀರಾ ಅಪರೂಪ. ಹಾಗಾಗಿ ಹೆಚ್ಚಿನ ಕಾಳಗಗಳು ನಡೆದದ್ದು ನೂರು ಗಜ, ಅದರ ಆಸುಪಾಸಿನ ದೂರದಲ್ಲೇ. ಏಳು ಗುಂಡಿನ ಸ್ಪೆನ್ಸರ್ ರೈಫಲ್ ಇತ್ತಲ್ಲ ಅನ್ನುತ್ತೀರಿ. ಇತ್ತು, ಕೆಲವರ ಕೈಯಲ್ಲಿ, ಅದೂ ಯುದ್ಧದ ಎರಡನೇ ಅರ್ಧದಲ್ಲಿ.

ಹಾಗಾದರೆ ಫ್ರೆಡರಿಕ್ಸ್‌ಬರ್ಗ್? ಅದನ್ನು ನಾನೇ ಎತ್ತುತ್ತೇನೆ, ಯಾಕೆಂದರೆ ಯಾರಾದರೂ ಎತ್ತಿಯೇ ಎತ್ತುತ್ತೀರಿ. 1862ರ ಡಿಸೆಂಬರ್ 13ರಂದು ಉತ್ತರದ ಬ್ರಿಗೇಡುಗಳು ಒಂದರ ಹಿಂದೊಂದು ಮೇರೀಸ್ ಗುಡ್ಡದ ಕಡೆ ನಡೆದವು. ಗುಡ್ಡದ ಬುಡದಲ್ಲಿ ತಗ್ಗಿನ ರಸ್ತೆ, ಅದಕ್ಕೆ ಕಲ್ಲಿನ ಗೋಡೆ. ಗೋಡೆಯ ಹಿಂದೆ ದಕ್ಷಿಣದವರು ಕೆಲವು ಕಡೆ ನಾಲ್ಕು ಸಾಲು ನಿಂತು, ಹಿಂದಿನವರು ತುಂಬಿ ಕೊಡುತ್ತಾ ಮುಂದಿನವರು ಹೊಡೆಯುತ್ತಾ ಇದ್ದರು. ಮೇಲೆ ಫಿರಂಗಿಗಳು. ಒಬ್ಬನೂ ಗೋಡೆ ಮುಟ್ಟಲಿಲ್ಲ. ಆ ಕಾಳಗದಲ್ಲಿ ಉತ್ತರದ 12 ಸಾವಿರಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡರು, ಇಲ್ಲವೇ ಕಾಣೆಯಾದರು. ಇದು ಘೋರ ತಪ್ಪು, ಆ ತಪ್ಪು ಉತ್ತರದ ಸೇನಾಪತಿ ಬರ್ನ್‌ಸೈಡ್‌ನದು. ಆದರೆ ತಪ್ಪು ಯಾವುದೆಂದು ಸರಿಯಾಗಿ ನೋಡಿ. ಗೋಡೆಗೆ ಎದುರಾಗಿ ಬಯಲಲ್ಲಿ ಕಳಿಸಿದ್ದು ತಪ್ಪು. ಅದೇ ಜನರನ್ನು ಚದುರಿಸಿ ಕಳಿಸಿದ್ದರೂ ಗೋಡೆ ಬೀಳುತ್ತಿರಲಿಲ್ಲ. ಗೋಡೆಯ ಹಿಂದೆ ನಿಂತು ಗೆದ್ದವರೂ ಭುಜಕ್ಕೆ ಭುಜ ತಾಗಿಸಿಯೇ ನಿಂತಿದ್ದರಲ್ಲ! ಗೆಟಿಸ್‌ಬರ್ಗ್‌ನಲ್ಲಿ 1863ರ ಜುಲೈ 3ರಂದು ದಕ್ಷಿಣದ ಸೇನಾಪತಿ ಲೀ ಸುಮಾರು 12,500 ಜನರನ್ನು ಮುಕ್ಕಾಲು ಮೈಲಿ ಬಯಲಲ್ಲಿ ಕಳಿಸಿದ್ದಕ್ಕೂ ಇದೇ ಮಾತು. ನಡುವೆ ರಸ್ತೆಯ ಬೇಲಿ ಹತ್ತುವಾಗ ಸಾಲು ಒಡೆಯಿತು. ಅಲ್ಲಿಂದ ಮುಂದೆ ಕ್ಯಾನಿಸ್ಟರ್ ಡಬ್ಬಿಗಳು. 12 ಪೌಂಡಿನ ಫಿರಂಗಿಗೆ ಒಂದು ಡಬ್ಬಿಯಲ್ಲಿ 27 ಕಬ್ಬಿಣದ ಗುಂಡು, ಹತ್ತಿರ ಬಂದಾಗ ಎರಡೆರಡು ಡಬ್ಬಿ ತುಂಬಿ ಹೊಡೆಯುತ್ತಿದ್ದರು.

ಅವರು ಕಲಿಯಲಿಲ್ಲವೇ? ಕಲಿತರು, ಕಣ್ಣಾರೆ ಕಂಡು ಕಲಿತರು. 1864ರ ಮೇ 10ರ ಸಂಜೆ ಸ್ಪಾಟ್ಸಿಲ್ವೇನಿಯಾದಲ್ಲಿ ಎಮರಿ ಅಪ್ಟನ್ ಎಂಬ ಉತ್ತರದ ಕರ್ನಲ್ ಹನ್ನೆರಡು ರೆಜಿಮೆಂಟುಗಳನ್ನು ನಾಲ್ಕು ಸಾಲಾಗಿ ಒತ್ತಿ ಕಾಡಿನ ಅಂಚಿನಲ್ಲಿ ನಿಲ್ಲಿಸಿದ. ಎದುರಿಗಿದ್ದ ಮಣ್ಣಿನ ಕೋಟೆಗೆ 200 ಗಜ ಬಯಲು. ಎಲ್ಲರ ಕೋವಿಯೂ ತುಂಬಿತ್ತು, ಆದರೆ ಕೇಪು ಹಾಕಲು ಅಪ್ಪಣೆ ಇದ್ದದ್ದು ಮೊದಲ ಸಾಲಿಗೆ ಮಾತ್ರ. ಯಾಕೆ? ಕೇಪು ಇದ್ದರೆ ಹೆದರಿದವನು ನಡುಬಯಲಲ್ಲಿ ನಿಂತು ಹೊಡೆಯುತ್ತಾನೆ. ಹೊಡೆದರೆ ಮತ್ತೆ ತುಂಬಲು ಇಪ್ಪತ್ತು ಸೆಕೆಂಡು ನಿಲ್ಲಬೇಕು. ನಿಂತವನು ಸಾಯುತ್ತಾನೆ, ಹಿಂದಿನವರನ್ನೂ ನಿಲ್ಲಿಸುತ್ತಾನೆ. ಕೇಪಿಲ್ಲದವನಿಗೆ ಓಡುವುದೊಂದೇ ದಾರಿ. ಅವರು ಕೋಟೆ ಒಡೆದು ಒಳಗೆ ನುಗ್ಗಿದರು, ಸಾವಿರದಷ್ಟು ಜನರನ್ನು ಸೆರೆ ಹಿಡಿದರು. ಬೆಂಬಲಕ್ಕೆ ಬರಬೇಕಿದ್ದ ಡಿವಿಷನ್ ಬಾರದೆ ಕತ್ತಲಾದಾಗ ಹಿಂದೆ ಸರಿಯಬೇಕಾಯಿತು. ಆ ಉಪಾಯ ಹುಟ್ಟಿದ್ದು ತುಂಬುವ ಒಂಬತ್ತು ಹೆಜ್ಜೆಯನ್ನು ಕರತಲಾಮಲಕ ಮಾಡಿಕೊಂಡವನ ತಲೆಯಲ್ಲಿ.

ಆ ವರ್ಷದ ಹೊತ್ತಿಗೆ ಸಾಮಾನ್ಯ ಸೈನಿಕನೂ ನಿಂತ ಕಡೆ ನೆಲ ಅಗೆಯತೊಡಗಿದ್ದ. ಸಲಿಕೆ ಇಲ್ಲದಿದ್ದರೆ ಬಯೋನೆಟ್ಟಿನಿಂದ ಮಣ್ಣು ಸಡಿಲಿಸಿ ತಟ್ಟೆಯಿಂದ ಎತ್ತಿ ಹಾಕುತ್ತಿದ್ದ. ಮೇಲೊಂದು ದಿಮ್ಮಿ ಅಡ್ಡ ಇಟ್ಟು, ಅದರ ಕೆಳಗೆ ನಳಿಗೆ ತೂರುವಷ್ಟು ಸಂದು ಬಿಡುತ್ತಿದ್ದ. ಪೀಟರ್ಸ್‌ಬರ್ಗ್‌ನಲ್ಲಿ 1864ರ ಜೂನ್‌ನಿಂದ 1865ರ ಏಪ್ರಿಲ್‌ವರೆಗೆ ಹೀಗೆ ಕಂದಕಗಳಲ್ಲೇ ಯುದ್ಧ ನಡೆಯಿತು. ರೀಲ್ ಮಾಡಿದವರಿಗೆ ಇದರ ಒಂದು ಚಿತ್ರವೂ ಸಿಗಲಿಲ್ಲವೇ? ಕಂದಕದಲ್ಲಿ ಕೂತವನನ್ನು ತೋರಿಸಿದರೆ ನಗು ಬರುವುದಿಲ್ಲ, ಅದಕ್ಕೇ ತೋರಿಸಲಿಲ್ಲ.

ದಡ್ಡತನವನ್ನೇ ಹುಡುಕಬೇಕೆಂದಿದ್ದರೆ ಬೀಡುಗಳಲ್ಲಿ ಹುಡುಕಿ. ಉತ್ತರದ ಸೇನೆಯಲ್ಲಿ ಕಾಳಗದ ಗಾಯಗಳಿಂದ ಸತ್ತವರು ಸುಮಾರು 1,10,000. ಕಾಯಿಲೆಯಿಂದ ಸತ್ತವರು ಅದರ ಎರಡು ಪಟ್ಟು. ಭೇದಿ, ರಕ್ತಭೇದಿಗಳೇ 40 ಸಾವಿರಕ್ಕೂ ಹೆಚ್ಚು ಜನರನ್ನು ಕೊಂದವು. ಒಂಟಿ ತೋಟದ ಮನೆಗಳಲ್ಲಿ ಬೆಳೆದು ದಡಾರವನ್ನೇ ಕಾಣದಿದ್ದ ಹಳ್ಳಿ ಹುಡುಗರು ಬೀಡು ಸೇರಿದ ಮೊದಲ ತಿಂಗಳುಗಳಲ್ಲೇ ಮಲಗಿದರು. ಶೌಚದ ಗುಂಡಿಗೆ ದಿನವೂ ಮಣ್ಣು ಹಾಕಬೇಕೆಂಬ ನಿಯಮ ಕಾಗದದಲ್ಲಿತ್ತು, ಹಾಕಿಸುವ ಅಧಿಕಾರಿಗಳು ಎಷ್ಟೋ ಕಡೆ ಇರಲಿಲ್ಲ. ದಕ್ಷಿಣದವರ ಆಂಡರ್ಸನ್‌ವಿಲ್ ಸೆರೆಬೀಡಿನೊಳಕ್ಕೆ ಹರಿಯುತ್ತಿದ್ದ ತೊರೆಯ ಮೇಲ್ಭಾಗದಲ್ಲೇ ಕಾವಲಿನವರ ಬಿಡಾರವೂ ಅಡುಗೆಮನೆಯೂ ಇದ್ದವು. ಅವುಗಳ ಕೊಳೆಯೆಲ್ಲ ಹೊತ್ತು ಬರುತ್ತಿದ್ದ ಆ ನೀರನ್ನೇ ಸೆರೆಯಾಳುಗಳು ಕುಡಿಯಬೇಕಿತ್ತು. ಅಲ್ಲಿಗೆ ತಂದ ಸುಮಾರು 45 ಸಾವಿರ ಜನರಲ್ಲಿ ಹದಿಮೂರು ಸಾವಿರದಷ್ಟು ಜನ ಸತ್ತರು. ಅವರಾರೂ ಸಾಲಿನಲ್ಲಿ ನಿಂತಿರಲಿಲ್ಲ.