ಮೂಗಿನ ನಲ್ಲಿ

ರೋಮ್‌ಗೆ ಹೋದ ಮೊದಲ ದಿನವೇ ಒಂದು ಬೀದಿ ನಲ್ಲಿ ನನ್ನ ನೆಮ್ಮದಿ ಕೆಡಿಸಿತು. ಎದೆಮಟ್ಟದ ಕಬ್ಬಿಣದ ಕಂಬ. ಅದಕ್ಕೊಂದು ಬಾಗಿದ ಕೊಳವೆ. ಹತ್ತಿರ ನರಪಿಳ್ಳೆ ಇಲ್ಲ, ನೀರು ಮಾತ್ರ ಸುಮ್ನೆ ಸುರಿಯುತ್ತಿದೆ. ನಿಲ್ಲಿಸೋಣ ಅಂತ ಕೈ ತಾನಾಗಿಯೇ ತಿರುಪು ಹುಡುಕಿತು. ತಿರುಪೇ ಇಲ್ಲ! ಎರಡು ದಿನಕ್ಕೊಮ್ಮೆ ನೀರು ಬಿಡುವ ಬೀದಿಯಲ್ಲಿ ಬಿಂದಿಗೆ ಹಿಡಿದು ಬೆಳೆದವಳು ನಾನು. ಹೊಟ್ಟೆ ಉರಿಯದೇ ಇರುತ್ತಾ?

ಅಲ್ಲಿಯವರು ಇದಕ್ಕೆ ‘ನಸೋನೆ’ ಅನ್ನುತ್ತಾರೆ, ಅಂದರೆ ದೊಡ್ಡ ಮೂಗು. 1870ರ ದಶಕದಲ್ಲಿ ಹಾಕಲು ಶುರುಮಾಡಿದ್ದು, ಈಗ ಎರಡು ಸಾವಿರಕ್ಕೂ ಜಾಸ್ತಿ ಇವೆ. ಕುಡಿಯುವ ಉಪಾಯವನ್ನು ಒಬ್ಬರು ಅಜ್ಜ ತೋರಿಸಿಕೊಟ್ಟರು. ಕೊಳವೆಯ ಬಾಯಿಗೆ ಬೆರಳು ಒತ್ತಿದರೆ ಮೇಲಿನ ಸಣ್ಣ ತೂತಿನಿಂದ ನೀರು ಕಮಾನಿನ ಹಾಗೆ ಚಿಮ್ಮುತ್ತದೆ. ಅದಕ್ಕೆ ಬಾಯೊಡ್ಡಬೇಕು. ನಾನು ಒತ್ತಿದ್ದು ಜಾಸ್ತಿಯಾಯಿತು. ನೀರು ಎದುರಿಗಿದ್ದ ನಮ್ಮ ಯಜಮಾನರ ಕನ್ನಡಕಕ್ಕೆ ಹೋಯಿತು.

ಬೀದಿಯಲ್ಲಿ ಇಷ್ಟು ಧಾರಾಳ. ಹೋಟೆಲಿಗೆ ಹೋದರೆ ನೀರಿಗೆ ಕಾಸು! ನಮ್ಮಲ್ಲಿ ಕೂತ ಕೂಡಲೇ ಲೋಟ ಟಪ್ ಅಂತ ಇಡುತ್ತಾರಲ್ಲ, ಅದಿಲ್ಲ. ಗ್ಯಾಸಿನದ್ದೋ ಸಾದಾನೋ ಅಂತ ಕೇಳಿ, ಬಾಟಲಿ ತಂದು, ಬಿಲ್ಲಿಗೆ ಸೇರಿಸುತ್ತಾರೆ. ಆ ಸಿಟ್ಟಿನಲ್ಲೇ ‘ಕಾಚೊ ಎ ಪೇಪೆ’ ತಿಂದೆ. ಪಾಸ್ತಾ, ಕುರಿಹಾಲಿನ ಪೆಕೊರಿನೊ ಚೀಸ್, ಕಾಳುಮೆಣಸು, ಅಷ್ಟೇ. ಬೆಣ್ಣೆಯಿಲ್ಲ, ಕೆನೆಯಿಲ್ಲ. ಆದರೂ ಎಳೆ ಎಳೆಗೂ ಮೆತ್ತಿಕೊಂಡ ಆ ಮಂದ ರಸ ಎಲ್ಲಿಂದ ಬಂತು? ಪಾಸ್ತಾ ಬೇಯಿಸಿದ ನೀರಿನಿಂದ! ಗಂಜಿ ಬಸಿದು ಚೆಲ್ಲಬೇಡ್ವೇ ಅನ್ನುತ್ತಿದ್ದ ನಮ್ಮಜ್ಜಿ ನೆನಪಾದಳು. ಸಿಟ್ಟು ಇಳಿಯಿತು. ಕಾಳುಮೆಣಸಂತೂ ನಮ್ಮ ಕಡಲತೀರದಿಂದ ಎರಡು ಸಾವಿರ ವರ್ಷದ ಹಿಂದೆಯೇ ಹಡಗು ಹತ್ತಿ ರೋಮ್‌ಗೆ ಬಂದ ನೆಂಟ ಅಲ್ವಾ?

ಮಾರನೇ ದಿನ ಮಳೆ. ನೆನೆಯುವುದು ಬೇಡ ಅಂತ ಟಿಕೆಟ್ ತಗೊಂಡು ಪ್ಯಾಂಥಿಯನ್ ಅನ್ನುವ ಹಳೇ ರೋಮನ್ ಗುಡಿಯ ಒಳಗೆ ಹೋದರೆ, ಒಳಗೂ ಮಳೆ! 43 ಮೀಟರ್ ಅಗಲ, ನೆಲದಿಂದ ಅಷ್ಟೇ ಎತ್ತರದ ಕಾಂಕ್ರೀಟ್ ಗುಮ್ಮಟ. ಒಳಗೆ ಒಂದು ಕಬ್ಬಿಣದ ಸರಳೂ ಇಲ್ಲದೆ ಸುಮಾರು 1900 ವರ್ಷದಿಂದ ನಿಂತಿದೆ. ಅದರ ನೆತ್ತಿಯಲ್ಲಿ ದೊಡ್ಡದೊಂದು ಬಾಯಿ, ಮುಚ್ಚಳವಿಲ್ಲ. ನಮ್ಮ ತೊಟ್ಟಿಮನೆಯನ್ನೇ ದೈತ್ಯರಿಗೆ ಕಟ್ಟಿಕೊಟ್ಟ ಹಾಗೆ. ನಡುವಿನ ನೆಲ ತುಸು ಉಬ್ಬಿದೆ. ಅದರಲ್ಲಿ ಸಣ್ಣ ಸಣ್ಣ ತೂತುಗಳಿವೆ. ಬಿದ್ದ ಹನಿಯೆಲ್ಲ ಅಲ್ಲಿ ಇಳಿದು ಮಾಯ.

ಎಲ್ಲರೂ ಕತ್ತೆತ್ತಿ ಗುಮ್ಮಟ ನೋಡುತ್ತಿದ್ದರು. ನಾನು ಸೊಂಟ ಬಗ್ಗಿಸಿ ನೆಲ ನೋಡುತ್ತಿದ್ದೆ.

“ಏನು, ಓಲೆ ಬಿದ್ದೋಯ್ತಾ?” ಅಂದರು ಯಜಮಾನರು.

“ಇಲ್ಲಾರೀ, ನೀರು ಎಲ್ಲಿಗೆ ಹೋಗುತ್ತೆ ಅಂತ ನೋಡ್ತಿದ್ದೀನಿ.”