ಬೀರುವಿನಲ್ಲಿಟ್ಟ ಲಿವಿಂಗ್ ವಿಲ್ ಐಸಿಯುಗೆ ನಡ್ಕೊಂಡು ಬರಲ್ಲ

ದಯಾಮರಣದ ಮಾತು ಎದ್ದ ಕೂಡಲೇ ಹಾಸನದ ಕಡೆ ಯಾರಾದರೊಬ್ಬರು ಶ್ರವಣಬೆಳಗೊಳವನ್ನು ಎಳೆದು ತರ್ತಾರೆ. "ಸಲ್ಲೇಖನ (ಊಟ ಬಿಡುತ್ತಾ ದೇಹ ತ್ಯಜಿಸೋ ಜೈನರ ವ್ರತ) ಸರಿ ಅಂದ್ಮೇಲೆ ಇಂಜೆಕ್ಷನ್ ಯಾಕೆ ತಪ್ಪು?" ಅಂತ ಒಬ್ಬರು, "ಎರಡೂ ಆತ್ಮಹತ್ಯೆಯೇ" ಅಂತ ಇನ್ನೊಬ್ಬರು.

ಅಲ್ಲಿನ ಚಿಕ್ಕಬೆಟ್ಟದ ನಿಸಿದಿಗಳ, ಅಂದ್ರೆ ಹಾಗೆ ದೇಹ ಬಿಟ್ಟವರ ನೆನಪಿನ ಕಲ್ಲುಗಳ, ಹಿಂದಿರೋ ಲೆಕ್ಕವೇ ಬೇರೆ. ರಾಷ್ಟ್ರಕೂಟರ ನಾಲ್ಕನೇ ಇಂದ್ರ 982ರಲ್ಲಿ ವ್ರತ ಹಿಡಿದು ದೇಹ ಬಿಟ್ಟಿದ್ದು, ಶಾಂತಲೆಯ ತಾಯಿ ಮಾಚಿಕಬ್ಬೆ ಬಿಟ್ಟಿದ್ದು ಬೆಳಗೊಳದಲ್ಲೇ. ಆ ವ್ರತಕ್ಕೆ ಶಾಸ್ತ್ರ ಐದು ಅತಿಚಾರ, ಅಂದ್ರೆ ದೋಷ, ಹೇಳುತ್ತೆ: ಬದುಕೋ ಆಸೆ, ಬೇಗ ಸಾಯೋ ಆಸೆ, ಗೆಳೆಯರ ಮೇಲಿನ ಅಂಟು, ಉಂಡ ಸುಖದ ಮೆಲುಕು, ಮುಂದಿನ ಜನ್ಮದ ಫಲದ ಹಂಬಲ. ಎರಡನೆಯದನ್ನು ಇನ್ನೊಮ್ಮೆ ಓದಿ. ಸಾವು ಬೇಗ ಬರಲಿ ಅಂದುಕೊಂಡರೂ ವ್ರತ ಕೆಟ್ಟಿತು. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಇದನ್ನು ಆತ್ಮಹತ್ಯೆ ಅಂದಿತು. 31ಕ್ಕೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಪ್ರಜ್ಞೆಯಿಲ್ಲದೆ ವೆಂಟಿಲೇಟರ್ ಮೇಲಿರುವವರಿಗೆ ಈ ಚರ್ಚೆ ತಾಗೋದೇ ಇಲ್ಲ. ರೋಗ ವಾಸಿಯಾಗಲ್ಲ, ಯಂತ್ರ ಉಸಿರು ಎಳೀತಿದೆ. ಸಾಕು ಅನ್ನೋ ಹಕ್ಕು ಯಾರದು? ಮಲಗಿರುವವರದೇ ಅಂತ ನನ್ನ ಖಚಿತ ಅಭಿಪ್ರಾಯ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಅದನ್ನೇ ಹೇಳಿ ಲಿವಿಂಗ್ ವಿಲ್‌ಗೆ (ಮುಂದೆ ಯಾವ ಚಿಕಿತ್ಸೆ ಬೇಡ ಅಂತ ಪ್ರಜ್ಞೆ ಇರುವಾಗಲೇ ಬರೆದಿಡೋ ಕಾಗದಕ್ಕೆ) ಮಾನ್ಯತೆ ಕೊಟ್ಟಿತು. ಇಂಜೆಕ್ಷನ್ ಕೊಟ್ಟು ಸಾಯಿಸೋದು ಮಾತ್ರ ಇವತ್ತಿಗೂ ಅಪರಾಧ.

ಮೊದಲು ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು, ಆ ತಲೆನೋವಿಗೆ ಯಾರೂ ಬರೆಸ್ತಿರಲಿಲ್ಲ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಅದನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಆಯ್ತು. ಸಾಕ್ಷಿಗಳು ಆಸ್ತಿಗೆ ವಾರಸುದಾರರಲ್ಲದಿದ್ದರೆ ವಾಸಿ, ಮುಂದೆ ಯಾರೂ ಬೆರಳು ತೋರಿಸಲ್ಲ. ಒಂದು ಪ್ರತಿ ಮನೆ ಡಾಕ್ಟರಿಗೆ, ಒಂದು ನಗರಸಭೆ ಅಥವಾ ಪಂಚಾಯ್ತಿಯಲ್ಲಿ ಇದಕ್ಕೆ ನೇಮಿಸಿದ ಅಧಿಕಾರಿಗೆ.

ಕೆಡೋದು ಬರವಣಿಗೆಯಲ್ಲಿ. "ನನ್ನನ್ನು ನರಳಿಸಬೇಡಿ" ಅಂತಷ್ಟೇ ಬರೆದರೆ ಡ್ಯೂಟಿ ಡಾಕ್ಟರ್ ಏನು ಮಾಡಬೇಕು? ಕಾಗದ ಅಸ್ಪಷ್ಟವಾಗಿದ್ದರೆ ವೈದ್ಯಕೀಯ ಮಂಡಳಿ ಅದನ್ನು ಜಾರಿ ಮಾಡೋ ಹಾಗೇ ಇಲ್ಲ. ವೆಂಟಿಲೇಟರ್, ಎದೆ ಒತ್ತೋದು, ಡಯಾಲಿಸಿಸ್, ಮೂಗಿನ ಟ್ಯೂಬಿನ ಆಹಾರ, ಒಂದೊಂದಕ್ಕೂ ಬೇಕು ಅಥವಾ ಬೇಡ ಅಂತ ಬೇರೆ ಬೇರೆ ಬರೀರಿ. ಯಾವ ಸ್ಥಿತಿಯಲ್ಲಿ ಬೇಡ ಅನ್ನೋದನ್ನೂ ಬರೀರಿ, ಯಾಕಂದ್ರೆ ನ್ಯುಮೋನಿಯಾಗೆ ಮೂರು ದಿನ ವೆಂಟಿಲೇಟರ್ ಹಾಕಿ ಎದ್ದು ಬರೋರು ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಪರವಾಗಿ ಮಾತಾಡೋಕೆ ಇಬ್ಬರ ಹೆಸರು ಕೊಡಿ. ಬೆಂಗಳೂರಿನಲ್ಲಿರೋ ಮಗನ ಹೆಸರೊಂದೇ ಕೊಟ್ಟು, ಆ ರಾತ್ರಿ ಅವನ ಫೋನ್ ಸ್ವಿಚ್ ಆಫ್ ಆಗಿದ್ದರೆ ಮುಗೀತು.

ನಮ್ಮ ಕಡೆಯ ತೊಡಕು ದಾರಿಯದು. ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಬಿದ್ದವರನ್ನು ಮಧ್ಯರಾತ್ರಿ ಆಂಬುಲೆನ್ಸ್ ಹತ್ತಿಸಿ ಘಾಟಿ ಇಳಿಸಿ ಮಂಗಳೂರಿಗೆ ಒಯ್ತಾರೆ. ಕಾಗದ ಮನೆ ಬೀರುವಿನಲ್ಲಿ, ಬೀಗದ ಕೈ ರೋಗಿಯ ಸೊಂಟದಲ್ಲಿ. ಅಲ್ಲಿನ ಡಾಕ್ಟರಿಗೆ ಇವರು ಯಾರೋ ಏನೋ, ಟ್ಯೂಬ್ ಹಾಕ್ತಾರೆ, ಹಾಕಲೇಬೇಕು. ಅದಕ್ಕೇ ಫೋಟೋ ತೆಗೆದು ಹೆಸರು ಕೊಟ್ಟ ಇಬ್ಬರ ಮೊಬೈಲಿಗೂ ಕಳಿಸಿಡಿ.

ಹಾಕಿದ್ದನ್ನು ತೆಗೆಯೋಕೆ ಎರಡು ಮಂಡಳಿ ಒಪ್ಪಬೇಕು. ಮೊದಲನೆಯದರಲ್ಲಿ ನೋಡ್ತಿರೋ ಡಾಕ್ಟರ್ ಜೊತೆ ಐದು ವರ್ಷ ಅನುಭವದ ಇಬ್ಬರು ತಜ್ಞರು. ಎರಡನೆಯದರಲ್ಲಿ ಅಂಥವರೇ ಬೇರೆ ಇಬ್ಬರು, ಜೊತೆಗೆ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರು. ಒಂದೊಂದಕ್ಕೂ ಸುಮಾರು 48 ಗಂಟೆ. ಮ್ಯಾಜಿಸ್ಟ್ರೇಟರಿಗೆ ತಿಳಿಸಿದ ಮೇಲೆ ಜಾರಿ. ಲಿವಿಂಗ್ ವಿಲ್ ಇಲ್ಲದಿದ್ದರೂ ಮನೆಯವರ ಒಪ್ಪಿಗೆ ಮೇಲೆ ಇದೇ ಹಾದಿ. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಈ ಬಗ್ಗೆ ಸುತ್ತೋಲೆ ಹೊರಡಿಸಿದೆ, ಆಸ್ಪತ್ರೆಯವರು ತಬ್ಬಿಬ್ಬಾದರೆ ತೋರಿಸಿ. ಸಹಿ ಹಾಕಿ ಮನೆಗೆ ಕರ್ಕೊಂಡು ಹೋಗಿ ಅಂದುಬಿಡೋದು ಆಸ್ಪತ್ರೆಯವರಿಗೆ ಸುಲಭ. ನನಗೆ ಸಿಟ್ಟು ಬರೋದು ಅಲ್ಲೇ. ಯಂತ್ರ ತೆಗೆಯೋ ಮುಂಚೆ ಉಬ್ಬಸ, ನೋವು ತಡೆಯೋಕೆ ಮಾರ್ಫಿನ್‌ನಂಥ ಔಷಧಿ ಕೊಡಬೇಕು. ಆಂಬುಲೆನ್ಸಿನಲ್ಲಿ ಅಂಬು ಬ್ಯಾಗ್ (ಕೈಯಲ್ಲಿ ಒತ್ತಿ ಉಸಿರು ಕೊಡೋ ಚೀಲ) ಒತ್ತುತ್ತಾ ಮನೆ ಮುಟ್ಟಿಸಿದರೆ ಅದನ್ನ ಕೊಡೋರ್ಯಾರು?

ಬದುಕೇ ಸಾಕಾಗಿದೆ ಅನ್ನಿಸ್ತಿರೋರಿಗೆ ಈ ಕಾಗದ ಅಲ್ಲ. ಅವರು 14416ಕ್ಕೆ ಫೋನ್ ಮಾಡಲಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡ್ತಾರೆ.

ಬರೆದ ಮೇಲೆ ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರವಣಿಗೆಯಲ್ಲೇ ರದ್ದು ಮಾಡಬಹುದು. ಹಳೇ ಪ್ರತಿ ಯಾರ್ಯಾರ ಹತ್ತಿರ ಇದೆಯೋ ಅವರಿಗೆಲ್ಲ ತಿಳಿಸಿ, ಮೊಬೈಲಿನಲ್ಲಿರೋ ಫೋಟೋನೂ ಅಳಿಸೋಕೆ ಹೇಳಿ.